ಫೈರ್‌ಹೌಸಿನ ಮತಗಟ್ಟೆಯಲ್ಲಿ ಶ್ರೀಮತಿ ಬೇಬಿ ಮೋನಪ್ಪನವರ ಇಪ್ಪತ್ನಾಲ್ಕು ವರ್ಷ

ಇದೇ ನವೆಂಬರ್ ಎಂಟರ ಮಂಗಳವಾರ ನ್ಯೂಜೆರ್ಸಿಯ ವಿಧಾನಮಂಡಲಕ್ಕೂ ಊರಿನ ಆಡಳಿತ ನಡೆಸುವ ನಮ್ಮ ಟೌನ್‌ಶಿಪ್ ಕಮಿಟಿಗೂ ಚುನಾವಣೆ ನಡೆಯಲಿದೆ. ಬಾಸ್ಕಿಂಗ್ ರಿಡ್ಜ್‌ನಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಸಿಗುವ ನಮ್ಮ ಊರಿನ ಹುಲ್ಲುಹಾಸುಗಳ ಮೇಲೆ ಈಗಾಗಲೇ ಅಭ್ಯರ್ಥಿಗಳ ಫಲಕಗಳು ಅಣಬೆಗಳಂತೆ ಎದ್ದಿವೆ. ರಾಜ್ಯದ ಉಳಿದ ಭಾಗ ಎತ್ತ ವಾಲಿದರೂ ಈ ಗುಡ್ಡಗಳ ಸೀಮೆ ಹಿಂದಿನಿಂದಲೂ ರಿಪಬ್ಲಿಕನ್ ಪಕ್ಷದ ಕಡೆಗೇ ವಾಲಿಕೊಂಡು ಬಂದಿದೆ; ಈ ಸಲವೂ ಅದರ ನಿಲುವು ಬದಲಾಗುವ ಲಕ್ಷಣ ಕಾಣುತ್ತಿಲ್ಲ. ಬದಲಾಗಿರುವುದು ಒಂದೇ. ಇಪ್ಪತ್ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಮೂರನೆಯ ವಾರ್ಡಿನ ಮತಗಟ್ಟೆಯ ಮೇಜಿನ ಹಿಂದೆ ಶ್ರೀಮತಿ ಬೇಬಿ ಮೋನಪ್ಪನವರು ಇರುವುದಿಲ್ಲ.

ಚುನಾವಣೆ ಎಂದೊಡನೆ ನಮಗೆ ನೆನಪಾಗುವವರು ಗೆದ್ದವರು, ಹೆಚ್ಚೆಂದರೆ ಸೋತವರು. ನಸುಕಿನಲ್ಲಿ ಬಂದು ಮೇಜು ಜೋಡಿಸಿ, ಮತದಾರರ ಪುಸ್ತಕ ತೆರೆದು, ಹದಿನಾಲ್ಕು ಗಂಟೆ ಕುರ್ಚಿ ಬಿಡದೆ ಕುಳಿತು, ಊರಿನ ಪ್ರತಿಯೊಬ್ಬರ ಸಹಿಗೂ ಸಾಕ್ಷಿಯಾಗುವ ಜನರ ಹೆಸರು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಅಂಥವರ ಸಾಲಿನಲ್ಲಿ, ನಾನು ಬಲ್ಲಂತೆ, ಬೇಬಿ ಆಂಟಿಗೆ ಸಮನಾದವರು ವಿರಳ. ಅವರಿಗೆ ಎಪ್ಪತ್ತೈದು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ನಮ್ಮ ಕನ್ನಡ ಬಳಗ ಹೊರತರುತ್ತಿರುವ ಸಂಪುಟಕ್ಕೆ ನಾಲ್ಕು ಮಾತು ಬರೆಯಲು ಕೇಳಿದಾಗ ನಾನು ಹಿಂಜರಿದೆ. ಹಿಂಜರಿಕೆಗೆ ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಮೂಲ್ಕಿಯಲ್ಲಿ ಹುಟ್ಟಿ, ಮದುವೆಯಾಗಿ, ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಪತಿ ಮೋನಪ್ಪನವರೊಂದಿಗೆ ನ್ಯೂಯಾರ್ಕಿಗೆ ಬಂದಿಳಿದ ಬೇಬಿ ಆಂಟಿ, ಮೊದಲ ಏಳು ವರ್ಷ ಕಂಡದ್ದು ಮ್ಯಾನ್‌ಹಟನ್ನಿನ ಹೋಟೆಲೊಂದರ ಅಡುಗೆಮನೆಯ ಹಿಂಬಾಗಿಲನ್ನು. ಮೋನಪ್ಪ ಅಂಕಲ್ ಅಲ್ಲಿ ಬಾಣಸಿಗರಾಗಿದ್ದರು. ಆಮೇಲೆ ರೂಟ್ ಇಪ್ಪತ್ತೆರಡರ ಬದಿಯ ಪುಟ್ಟ ಮೋಟೆಲೊಂದನ್ನು ವಹಿಸಿಕೊಂಡು ಈ ಊರಿಗೆ ಬಂದರು. ಹಗಲು ಅಂಕಲ್, ಸಂಜೆ ಆಂಟಿ ಕೌಂಟರಿನಲ್ಲಿ ನಿಲ್ಲುತ್ತಿದ್ದರು. ಬಂದವರ ಮುಖ ನೋಡದೆ ಹೆಸರು ಬರೆದುಕೊಳ್ಳಬಾರದೆಂಬ ಪಾಠವನ್ನು ತಾನು ಕಲಿತದ್ದು ಆ ಕೌಂಟರಿನಲ್ಲೇ ಎಂದು ಆಂಟಿ ಹೇಳುವುದುಂಟು.

ಪೌರತ್ವ ಬಂದು ಮೂರು ವರ್ಷಕ್ಕೆ, ಎಂಬತ್ತೇಳರಲ್ಲಿ, ಟೌನ್‌ಹಾಲಿನ ಗೋಡೆಯ ಮೇಲೆ ಮತಗಟ್ಟೆಗೆ ಜನ ಬೇಕಾಗಿದ್ದಾರೆಂಬ ಚೀಟಿ ನೋಡಿ ಅವರು ಅರ್ಜಿ ಹಾಕಿದರು. ಅರ್ಜಿಯಲ್ಲಿ ‘ಬೇಬಿ’ ಎಂದಿದ್ದುದನ್ನು ನೋಡಿದ ಗುಮಾಸ್ತರು ತಮಾಷೆಯಿರಬೇಕೆಂದು ಹೊಡೆದುಹಾಕಿ ಬರೀ ‘ಮಿಸೆಸ್ ಮೋನಪ್ಪ’ ಎಂದು ಬರೆದುಕೊಂಡರಂತೆ. ಆಂಟಿ ಅದೇ ಕಾಗದವನ್ನು ತಿರುಗಿಸಿ ಅವರ ಮುಂದಿಟ್ಟು, ಪುಸ್ತಕದಲ್ಲಿ ಜನರ ಹೆಸರು ತಪ್ಪಾಗಬಾರದೆಂದು ಕಾಯುವ ಕೆಲಸಕ್ಕೆ ನನ್ನನ್ನು ಸೇರಿಸಿಕೊಳ್ಳುತ್ತೀರಿ, ನನ್ನ ಹೆಸರಿನಿಂದಲೇ ಶುರುಮಾಡಿ ಎಂದರು. ಅಂದಿನಿಂದ, ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸಿಕೊಂಡ ಮೊನ್ನೆ ಜೂನಿನ ಪ್ರೈಮರಿಯವರೆಗೆ ಒಂದೂ ಚುನಾವಣೆ ತಪ್ಪಿಸಲಿಲ್ಲ.

ನನಗೂ ಅವರಿಗೂ ಪರಿಚಯವಾದದ್ದು ಎರಡು ಸಾವಿರದ ಒಂದರ ನವೆಂಬರಿನಲ್ಲಿ. ನದಿಯಾಚೆಯ ನಗರದ ಹೊಗೆಯ ವಾಸನೆ ಇನ್ನೂ ಎಲ್ಲರ ಮನಸ್ಸಿನಲ್ಲಿದ್ದ ಕಾಲ. ನನ್ನ ಮೊದಲ ಮತ. ಫೈರ್‌ಹೌಸಿನ, ಅಂದರೆ ಅಗ್ನಿಶಾಮಕ ಠಾಣೆಯ, ಕೆಂಪು ಗಾಡಿಗಳನ್ನು ಅಂಗಳಕ್ಕೆ ಸರಿಸಿ, ಒಳಗಿನ ಖಾಲಿ ಜಾಗದಲ್ಲಿ ಮತಗಟ್ಟೆ ಮಾಡಿದ್ದರು. ರಬ್ಬರ್ ಮತ್ತು ಕಾಫಿಯ ವಾಸನೆ ಬೆರೆತ ಆ ದೊಡ್ಡ ಕೋಣೆಯ ಬಾಗಿಲವರೆಗೂ ಮಂಜು ಬಂದು ನಿಂತಿತ್ತು. ಸಾಲಿನಲ್ಲಿದ್ದವರೆಲ್ಲ ಅರ್ಧ ನಿದ್ದೆಯಲ್ಲಿ ಮಾತಿಲ್ಲದೆ ಸರಿಯುತ್ತಿದ್ದರು. ನಾನು ಹಾಕಿದ ಸಹಿ, ಹೆಸರು ನೋಂದಾಯಿಸಿದಾಗ ಪುಸ್ತಕ ಸೇರಿದ್ದ ನನ್ನ ಸಹಿಗೆ ಹೊಂದಲಿಲ್ಲ. ಮೇಜಿನಾಚೆಯ ಬಿಳಿಗೂದಲಿನ ಹೆಂಗಸು ತಲೆಯೆತ್ತಿ, ಬಹಳ ಮೆಲ್ಲಗೆ, “ಕೃಷ್ಣಮೂರ್ತಿಯವರೇ, ಪುಸ್ತಕದಲ್ಲಿ ನಿಮ್ಮ ಸಹಿ ಕನ್ನಡದಲ್ಲಿ ಉಂಟು. ನೀವೀಗ ಇಂಗ್ಲಿಷಿನಲ್ಲಿ ಹಾಕಿದ್ರಿ. ಮತ್ತೊಮ್ಮೆ ಹಾಕಿ, ಅವಸರ ಎಂತದೂ ಇಲ್ಲ” ಎಂದರು. ಆ ಮಂಜಿನಲ್ಲಿ, ಆ ಪರಕೀಯ ಮೌನದಲ್ಲಿ ಮೂಲ್ಕಿಯ ಕನ್ನಡ ಕೇಳಿಸಿದ್ದು ನನಗೆ ಇವತ್ತಿಗೂ ಕಂಡ ಕನಸೋ ಕೇಳಿದ ಮಾತೋ ಎಂಬಂತಿದೆ.

ಇಂಥವು ಅನೇಕ. ಪಾರ್ಶ್ವವಾಯು ಬಡಿದ ನೆರೆಯ ಮುದುಕರಿಗೆ ಪ್ರತಿ ಅಕ್ಟೋಬರಿನಲ್ಲಿ ಅಂಚೆ ಮತದ ಅರ್ಜಿ ಒಯ್ದುಕೊಟ್ಟದ್ದು, ಎರಡು ಸಾವಿರದ ಎಂಟರ ಆ ಉದ್ದನೆಯ ಸಾಲಿನಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದ ಗರ್ಭಿಣಿಗೆ ತನ್ನ ಕುರ್ಚಿ ಕೊಟ್ಟು ಎರಡು ಗಂಟೆ ನಿಂತೇ ಕೆಲಸ ಮಾಡಿದ್ದು, ಇವೆಲ್ಲ ಈ ಸಂಪುಟದ ಬೇರೆ ಲೇಖನಗಳಲ್ಲಿ ಬಂದಿರುತ್ತವೆ. ನಾನು ಹೇಳಬೇಕಾದದ್ದು ಅದರ ಮರುವರ್ಷದ ಒಂದು ದಿನದ ಸಂಗತಿ.

ಆ ಹೊತ್ತಿಗೆ ಆರ್ಥಿಕ ಹಿಂಜರಿತದಿಂದ ಊರಿನ ಚಹರೆ ಬದಲಾಗಿತ್ತು. ಆಫೀಸ್ ಪಾರ್ಕುಗಳ ಪಾರ್ಕಿಂಗ್ ಜಾಗಗಳಲ್ಲಿ ಬಾತುಕೋಳಿಗಳು ನಿರಾತಂಕವಾಗಿ ನಡೆದಾಡುತ್ತಿದ್ದವು. ಬೀದಿಗೆರಡು ಮನೆಗಳ ಬಾಗಿಲಿಗೆ ಬ್ಯಾಂಕಿನ ಜಪ್ತಿ ನೋಟಿಸು ಅಂಟಿತ್ತು. ಕೆಲವು ಮನೆಗಳಲ್ಲಿ ಪರದೆಗಳು ಹಾಗೇ ಇದ್ದು ಒಳಗೆ ಯಾರೂ ಇರುತ್ತಿರಲಿಲ್ಲ. ನಾನು ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದಕ್ಕೆ ದಿನವೂ ಕಾರಿನಲ್ಲಿ ಹೋಗಿಬರುತ್ತಿದ್ದೆ. ಕೆಲಸ ಉಳಿದಿತ್ತು, ಧೈರ್ಯ ಉಳಿದಿರಲಿಲ್ಲ. ಅಂಥ ಕಾಲದಲ್ಲಿ, ನಮ್ಮವರೊಬ್ಬರು ಟೌನ್‌ಶಿಪ್ ಕಮಿಟಿಯಲ್ಲಿ ಇರಬೇಕೆಂದು ಬಳಗದ ಗೆಳೆಯರು ಒತ್ತಾಯಿಸಿದಾಗ, ಎರಡು ಸಾವಿರದ ಒಂಬತ್ತರ ಚುನಾವಣೆಗೆ ಒಂದು ಸ್ಥಾನಕ್ಕಾಗಿ ನಾನು ಸ್ವತಂತ್ರ ಅಭ್ಯರ್ಥಿಯಾಗಿ ನಿಂತೆ. ಹುಬ್ಬಳ್ಳಿಯ ಕಡೆಯ ಉತ್ಸಾಹಿ ತರುಣ ದಿವಾಕರ ನನ್ನ ಪ್ರಚಾರದ ಹೊಣೆ ಹೊತ್ತ. ಆ ಇಡೀ ಬೇಸಗೆ ಮನೆಮನೆಯ ಬಾಗಿಲು ತಟ್ಟಿದ್ದು ಈಗ ನೆನೆದರೆ ಒಂದೇ ದೀರ್ಘವಾದ ಸಂಜೆಯಂತೆ ತೋರುತ್ತದೆ: ಕೊಯ್ದ ಹುಲ್ಲಿನ ವಾಸನೆ, ಮಿಂಚುಹುಳ, ಮುಗುಳ್ನಗುತ್ತ ಬಾಗಿಲು ಮುಚ್ಚುವ ಜನ.

ಅಕ್ಟೋಬರಿನಲ್ಲಿ ಗೆಲ್ಲುವ ಆಸೆ ಹುಟ್ಟಿತು. ಆಸೆಯ ಜೊತೆಗೇ ಒಂದು ಕೆಟ್ಟ ಯೋಚನೆಯೂ ಹುಟ್ಟಿತು. ನೋಟಿಸು ಅಂಟಿದ ಮನೆಗಳು ಹೆಚ್ಚಾಗಿ ನಮ್ಮ ವಾರ್ಡಿನ ಹಳೆಯ ಬೀದಿಗಳಲ್ಲಿದ್ದವು. ಅಲ್ಲಿಯವರು ತಲೆತಲಾಂತರದಿಂದ ಊರನ್ನಾಳುವ ಪಕ್ಷದ, ಅಂದರೆ ನನ್ನ ಎದುರಾಳಿಯ ಪಕ್ಷದ ಮತದಾರರು. ಮನೆ ಹೋದವರು ಊರಿನವರಲ್ಲ ಎಂದು ಮತಗಟ್ಟೆಯಲ್ಲಿ ಆಕ್ಷೇಪಿಸಿದರೆ ಕೆಲವು ಮತಗಳಾದರೂ ತಡೆಯಬಹುದು. ಅಭ್ಯರ್ಥಿಯ ಪರವಾಗಿ ಹೀಗೆ ಆಕ್ಷೇಪಿಸಲು ಒಬ್ಬರಿಗೆ ಒಳಗೆ ಕೂರಲು ಅವಕಾಶವಿದೆ. ದಿವಾಕರ ಆ ಸ್ಥಾನದಲ್ಲಿ ಕುಳಿತ. ಅವನ ಕೈಯಲ್ಲಿ ಒಂದು ಪಟ್ಟಿಯಿತ್ತು.

ಎಲೆಗಳು ಉದುರಿ ಉದುರಿ ಅಂಗಳ ಕಾಣದಂತಾಗಿದ್ದ ನವೆಂಬರ್ ಮೂರರ ಬೆಳಿಗ್ಗೆ, ಹತ್ತರ ಸುಮಾರಿಗೆ, ವಾಲ್ಟರ್ ಕ್ರೂಗರ್ ಎಂಬ ಅರವತ್ತರ ಹಿರಿಯರು ಬಂದರು. ಎಲೆಕ್ಟ್ರಿಶಿಯನ್. ಅವರ ಅಂಗಳದಲ್ಲಿ ನನ್ನ ಎದುರಾಳಿಯ ಫಲಕ ಇದ್ದುದನ್ನು ನಾವೆಲ್ಲ ನೋಡಿದ್ದೆವು. ದಿವಾಕರ ಎದ್ದು ನಿಂತು, ಇವರ ಮನೆ ಬ್ಯಾಂಕಿನ ಪಾಲಾಗಿದೆ, ಇವರು ಇಲ್ಲಿಯ ನಿವಾಸಿಯಲ್ಲ ಎಂದ. ಕ್ರೂಗರ್ ತಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಬೇಬಿ ಆಂಟಿ ಅವನು ಚಾಚಿದ ಪಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದರು, ಕೈಗೆ ತೆಗೆದುಕೊಳ್ಳಲಿಲ್ಲ. “ಮಿಸ್ಟರ್ ಕ್ರೂಗರ್, ಇವತ್ತು ಬೆಳಿಗ್ಗೆ ನೀವು ಎದ್ದದ್ದು ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ನನ್ನ ಮನೆಯಲ್ಲಿ. ಮಂಚ ಮಾರಿಬಿಟ್ಟಿದ್ದೇನೆ, ನೆಲದ ಮೇಲೆ ಮಲಗಿದ್ದೆ.”

“ನೆಲ ಈ ಟೌನ್‌ಶಿಪ್ಪಿನದ್ದೇ ತಾನೇ? ಇಲ್ಲಿ ಸಹಿ ಹಾಕಿ.”

ಆಮೇಲೆ ದಿವಾಕರನ ಕಡೆ ತಿರುಗಿ ಕನ್ನಡದಲ್ಲಿ, “ಬಾಗಿಲಿಗೆ ಕಾಗದ ಅಂಟಿಸಿದ್ರೆ ಮನುಷ್ಯ ಮನೆ ಬಿಟ್ಟ ಹಾಗೆ ಆಗುದಿಲ್ಲ, ಕೂತ್ಕೊಳ್ಳಿ” ಎಂದರು. ದಿವಾಕರ ಕುಳಿತ. ಆ ಪಟ್ಟಿ ಮತ್ತೆ ಜೇಬಿನಿಂದ ಹೊರಬರಲಿಲ್ಲ.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಮತಗಟ್ಟೆಗೆ ಯಾರೂ ಬರುವುದಿಲ್ಲ. ಬಿಸಿಲು ಓರೆಯಾಗಿ ನೆಲದ ಮೇಲೆ ಬಿದ್ದು, ಗಡಿಯಾರವೂ ತೂಕಡಿಸುವಂತಿರುವ ಆ ಗಳಿಗೆಯಲ್ಲಿ ರಾಮ್, ಅವರ ಪತ್ನಿ ಕಲಾ, ಹತ್ತೊಂಬತ್ತರ ಮಗ ವಿಕ್ರಾಂತ್ ಒಳಗೆ ಬಂದರು. ನಮ್ಮ ಬಳಗದವರು, ನನ್ನ ಆಪ್ತರು. ಮೂವರ ಹೆಸರೂ ಸಹಿಯೂ ಪುಸ್ತಕದಲ್ಲಿದ್ದವು. ಆಗಸ್ಟಿನಲ್ಲಿ ಅವರು ಮನೆ ಕಳೆದುಕೊಂಡು ಸಮರ್‌ಸೆಟ್ಟಿನ ಅಪಾರ್ಟ್‌ಮೆಂಟಿಗೆ ಹೋಗಿದ್ದರು. ಮಗನ ಕಾಲೇಜಿಗೆ ಹತ್ತಿರವೆಂದು ಹೋಗಿದ್ದೇವೆ, ಇಲ್ಲಿಯ ಮನೆ ಹಾಗೇ ಇದೆ ಎಂದು ನಮ್ಮೆಲ್ಲರಿಗೂ ಹೇಳಿದ್ದರು. ನಿಜ ಗೊತ್ತಿದ್ದದ್ದು ಬೇಬಿ ಆಂಟಿಗೆ ಮಾತ್ರ. ಪೆಟ್ಟಿಗೆಗಳನ್ನು ಸಾಗಿಸಲು ಮೋನಪ್ಪ ಅಂಕಲ್ಲರ ವ್ಯಾನು ಹೋಗಿತ್ತು.

ಆಂಟಿ ಕೇಳದೆ ಬಿಟ್ಟಿದ್ದರೆ ಮೂರು ಮತ ಬೀಳುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ದಿವಾಕರನಂತೂ ಆಕ್ಷೇಪಿಸುತ್ತಿರಲಿಲ್ಲ. ಆಂಟಿ ಎದ್ದು, ಮೇಜು ಬಳಸಿ ಬಂದು, ಮೂವರನ್ನೂ ಅಂಗಳಕ್ಕೆ, ನಿಂತಿದ್ದ ಕೆಂಪು ಗಾಡಿಯ ಮರೆಗೆ ಕರೆದುಕೊಂಡು ಹೋದರು. ಅಲ್ಲಿ ನಡೆದ ಮಾತನ್ನು ಕಲಾ ನನಗೆ ಹೇಳಿದ್ದು ಬಹಳ ಕಾಲದ ಮೇಲೆ.

“ಕಲಾ, ಬೆಳಿಗ್ಗೆ ಎದ್ದದ್ದು ಎಲ್ಲಿ ಅಂತ ನಾನು ಎಲ್ಲರನ್ನೂ ಕೇಳ್ಬೇಕು. ಒಳಗೆ ಕೇಳಿದ್ರೆ ನಾಲ್ಕು ಜನ ಕೇಳಿಸ್ಕೊಳ್ತಾರೆ. ಅದಕ್ಕೆ ಇಲ್ಲಿ ಕೇಳುದು.”

ರಾಮ್, “ಆಂಟಿ, ಪ್ಲೀಸ್, ಇದೊಂದ್ಸಲ ಅಡ್ಜಸ್ಟ್ ಮಾಡಿ. ಕೃಷ್ಣಮೂರ್ತಿ ಸರ್‌ಗೋಸ್ಕರ” ಎಂದರು.

“ಯಾರಿಗೋಸ್ಕರವೂ ಆಗುದಿಲ್ಲ ಮಾರಾಯ್ರೆ. ಎರಡೂ ಊರು ಒಂದೇ ಕೌಂಟಿ, ಹೆಸರು ಅಲ್ಲಿಗೆ ಬದಲಾಗದಿದ್ರೂ ನೀವು ಸಮರ್‌ಸೆಟ್ಟಿನ ಮತಗಟ್ಟೆಯಲ್ಲಿ ಬೇರೆ ಮತಪತ್ರದಲ್ಲಿ ಹಾಕಬಹುದು. ಇವತ್ತೇ ಗವರ್ನರ್ ಚುನಾವಣೆಯೂ ಉಂಟಲ್ಲ, ಅದಕ್ಕೆ ಹಾಕಿದ್ದು ಲೆಕ್ಕಕ್ಕೆ ಬರ್ತದೆ. ಹೋಗ್ಲಿಕ್ಕೆ ಟೈಮ್ ಉಂಟು, ನಾನು ಫೋನ್ ಮಾಡ್ತೇನೆ.”

ವಿಕ್ರಾಂತ್ “ಲೆಟ್ಸ್ ಗೋ, ಅಮ್ಮಾ” ಎಂದ. ಕಲಾ ಗಾಡಿಯ ಚಕ್ರಕ್ಕೆ ಒರಗಿ ಅತ್ತರು. ಆಂಟಿ ಅವರ ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೂ ಕದಲದೆ ನಿಂತಿದ್ದರು.

ಆ ಚುನಾವಣೆಯಲ್ಲಿ ನಾನು ಎರಡು ಮತಗಳಿಂದ ಸೋತೆ. ಮರುಎಣಿಕೆಯಲ್ಲೂ ಎರಡೇ.

ಸುದ್ದಿ ನಿಲ್ಲುತ್ತದೆಯೇ? ಮೂವರನ್ನು ಅಂಗಳದಿಂದಲೇ ವಾಪಸು ಕಳಿಸಿದ್ದನ್ನು ದಿವಾಕರ ನೋಡಿದ್ದ. ನಮ್ಮವರನ್ನು ನಮ್ಮವರೇ ತಡೆದರು, ಬೇರೆಯವರನ್ನು ಬಿಟ್ಟುಕೊಂಡರು ಎಂಬ ಮಾತು ವಾರದೊಳಗೆ ಸಮರ್‌ಸೆಟ್ಟಿನಿಂದ ಕ್ರ್ಯಾನ್‌ಬರಿಯವರೆಗೆ ಹಬ್ಬಿತು. ಆ ತಿಂಗಳ ರಾಜ್ಯೋತ್ಸವದ ಊಟದಲ್ಲಿ ಆಂಟಿ, ಅಂಕಲ್ ಕುಳಿತ ಮೇಜಿನ ಆರು ಕುರ್ಚಿಗಳು ಕೊನೆಯವರೆಗೂ ಖಾಲಿಯಿದ್ದವು. ಎಲ್ಲರೂ ನನ್ನತ್ತ ನೋಡಿದರು. ನಾನು ಹೋಗಿ ಕುಳಿತಿದ್ದರೆ ಉಳಿದವರೂ ಬರುತ್ತಿದ್ದರು. ನಾನು ತಟ್ಟೆ ಹಿಡಿದು ಇನ್ನೊಂದು ಮೂಲೆಗೆ ಹೋದೆ. ಆಂಟಿ ಪಾಯಸ ಮುಗಿಸಿ, ತಮ್ಮ ತಟ್ಟೆಯನ್ನೂ ಅಂಕಲ್ಲರ ತಟ್ಟೆಯನ್ನೂ ಎತ್ತಿಟ್ಟು, ಬಾಗಿಲಲ್ಲಿ ನಿಂತಿದ್ದವರಿಗೆಲ್ಲ ಬರ್ತೇವೆ ಎಂದು ಹೇಳಿ ಹೊರಟರು.

ಆ ಜನವರಿಯಲ್ಲಿ, ಹಿಮ ಬಿದ್ದು ಊರೆಲ್ಲ ಹತ್ತಿಯೊಳಗೆ ಸುತ್ತಿಟ್ಟಂತೆ ಸದ್ದಡಗಿದ್ದ ಒಂದು ಭಾನುವಾರ, ನಾನು ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಹೋದೆನೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ಹೋದದ್ದು ಜಗಳಕ್ಕೆ. ಮೋನಪ್ಪ ಅಂಕಲ್ ಬಾಗಿಲು ತೆರೆದು, “ಬೂಟ್ಸ್ ಅಲ್ಲೇ ಬಿಡಿ, ಬನ್ನಿ, ಚಾ ಆಗಿದೆ” ಎಂದರು.

“ಗೊತ್ತಿದ್ದೂ ಯಾಕೆ ಹಾಗೆ ಮಾಡಿದ್ರಿ ಆಂಟಿ?” ಎಂದೆ.

“ಗೊತ್ತಿದ್ದದ್ದು ಹೌದು. ಗೊತ್ತಿದ್ದವರನ್ನು ಬಿಡುದು, ಗೊತ್ತಿಲ್ಲದವರನ್ನು ಹಿಡಿಯುದು ಮಾಡಿದ್ರೆ ಆ ಕುರ್ಚಿಯಲ್ಲಿ ನಾನು ಯಾಕೆ ಕೂರ್ಬೇಕು? ಎಂಬತ್ತೇಳರಲ್ಲಿ ಆ ಟೇಬಲ್ ಹತ್ತಿರ ಗೊತ್ತಿಲ್ಲದವಳು ಅಂತ ಇದ್ದದ್ದು ನಾನೊಬ್ಬಳೇ.” ಚಹಾದ ಲೋಟ ನನ್ನ ಕಡೆ ಸರಿಸಿ, “ಆ ಪಟ್ಟಿ ಯಾರದ್ದು?” ಎಂದು ಕೇಳಿದರು.

“ದಿವಾಕರನದ್ದು” ಎಂದೆ.

ಅವರು ಬೇರೇನೂ ಕೇಳಲಿಲ್ಲ. ಮೋನಪ್ಪ ಅಂಕಲ್ ವಾತಾವರಣ ತಿಳಿಮಾಡಲೆಂದು, “ಇವಳು ಯಾರಿಗೆ ವೋಟ್ ಹಾಕಿದ್ಲು ಅಂತ ನಂಗೂ ಹೇಳುದಿಲ್ಲ ಮಾರಾಯ್ರೆ. ಇಪ್ಪತ್ತೈದು ವರ್ಷ ಆಯ್ತು ಕೇಳ್ಲಿಕ್ಕೆ ಶುರುಮಾಡಿ” ಎಂದು ನಕ್ಕರು. ಹೊರಡುವಾಗ ಆಂಟಿ ಒಂದು ಅರ್ಜಿ ಕೈಗಿತ್ತರು. ಮತಗಟ್ಟೆಯಲ್ಲಿ ಜನ ಕಡಿಮೆಯಿದ್ದಾರೆ, ಕ್ಯಾಂಡಿಡೇಟ್ ಆಗಿ ನಿಂತವರಿಗೆ ಆಚೆ ಕಡೆಯಿಂದಲೂ ಒಮ್ಮೆ ನೋಡಬೇಕೆಂದು ಅನಿಸುವುದಿಲ್ಲವೇ ಎಂದರು.

ಅರ್ಜಿ ಎರಡು ತಿಂಗಳು ಕಾರಿನಲ್ಲೇ ಇತ್ತು. ಕೊನೆಗೆ ತುಂಬಿ ಕೊಟ್ಟೆ. ಹೀಗೆ ಅವರಿಂದ ಸೋಲು ಕಂಡ ನಾನು ಅವರ ಶಿಷ್ಯನಾದೆ. ಎರಡು ಸಾವಿರದ ಹತ್ತರ ಜೂನಿನಿಂದ ಅವರ ಎಡಗಡೆಯ ಕುರ್ಚಿ ನನ್ನದು. ಹೆಸರನ್ನು ಮೊದಲು ಮತದಾರರ ಬಾಯಿಂದ ಕೇಳಿ ಆಮೇಲೆ ಪುಸ್ತಕ ನೋಡಬೇಕೆಂದೂ, ಕಿವಿ ಮಂದವಾದವರ ಮುಂದೆ ಧ್ವನಿ ಏರಿಸುವ ಬದಲು ಮುಖ ಎತ್ತಬೇಕೆಂದೂ, ಮತ ಹಾಕಿ ಹೊರಬಂದವರ ಮುಖದಲ್ಲಿ ಯಾರಿಗೆ ಹಾಕಿದರೆಂದು ಹುಡುಕಬಾರದೆಂದೂ ಅವರು ಕಲಿಸಿದರು. ಮಧ್ಯಾಹ್ನದ ಆ ತೂಕಡಿಕೆಯ ಗಂಟೆಯಲ್ಲಿ ಇಬ್ಬರೂ ಬಾಗಿಲಾಚೆಯ ಮೇಪಲ್ ಮರ ನೋಡುತ್ತ ಕೂರುತ್ತಿದ್ದೆವು. ಆಂಟಿ ತುಳುವಿನಲ್ಲಿ ಏನೋ ಗುನುಗುತ್ತಿದ್ದರು. ಕಾಲ ಎಲ್ಲಿಯೋ ದೂರದಲ್ಲಿ ಹರಿಯುತ್ತಿರುವಂತೆ, ಅದಕ್ಕೂ ನಮಗೂ ಸಂಬಂಧವಿಲ್ಲದಂತೆ ಭಾಸವಾಗುತ್ತಿತ್ತು.

ಆ ನವೆಂಬರಿನಲ್ಲಿ ಕ್ರೂಗರ್ ಬಂದರು. ಮನೆ ಹೋಗಿತ್ತು, ಮೇನ್ ಸ್ಟ್ರೀಟಿನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ, ಅದೂ ಇದೇ ವಾರ್ಡು ಎಂದು ತಾವಾಗಿ ಹೇಳಿದರು. ನನ್ನ ಮುಖ ಗುರುತಿಸಿ, “ನೀವು ಸೋತವರಲ್ಲವೇ? ನಾನು ಆಚೆಯವನಿಗೆ ಹಾಕಿದ್ದೆ. ಬೇಜಾರಿಲ್ಲ ತಾನೇ?” ಎಂದರು. ಇಲ್ಲ ಎಂದೆ. ಅವರು ಸಹಿ ಹಾಕುವಾಗ ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ. ಏಕೆಂದರೆ ಆ ಪಟ್ಟಿ ದಿವಾಕರನದ್ದಾಗಿರಲಿಲ್ಲ. ಪತ್ರಿಕೆಯಲ್ಲಿ ಬರುತ್ತಿದ್ದ ಹರಾಜು ಪ್ರಕಟಣೆಗಳಿಂದ ಕ್ರ್ಯಾನ್‌ಬರಿಯ ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಕೂತು, ಒಂದೊಂದೇ ವಿಳಾಸ ಬರೆದುಕೊಂಡವನು ನಾನು. ದಿವಾಕರ ಬೇಡವೆಂದಿದ್ದ. ನಾನೇ ಅವನ ಜೇಬಿಗೆ ತುರುಕಿದ್ದೆ. ಸೋತ ಮೇಲೆ ಬಳಗದಲ್ಲಿ ಪಟ್ಟಿಯ ವಿಷಯ ಬಂದಾಗಲೆಲ್ಲ ಅದು ಅವನ ಹೆಸರಿಗೇ ಅಂಟಿತು, ನಾನು ಬಿಡಿಸಲಿಲ್ಲ. ಅವನು ಬಳಗಕ್ಕೆ ಬರುವುದನ್ನು ನಿಲ್ಲಿಸಿದ.

ಈ ಲೇಖನದ ಮೊದಲ ಕರಡನ್ನು ಕಳೆದ ತಿಂಗಳು ಆಂಟಿಯ ಮುಂದೆ ಓದಿದೆ. ಈ ಭಾಗಕ್ಕೆ ಬಂದಾಗ ಅವರು ಕೈಯೆತ್ತಿ ನಿಲ್ಲಿಸಿದರು. “ನಂಗೆ ಅವತ್ತೇ ಗೊತ್ತಿತ್ತು. ಪಟ್ಟಿಯ ಅಕ್ಷರ ನಿಮ್ಮದು. ನಾನು ಆಗಲೇ ಎಂಟು ವರ್ಷ ನಿಮ್ಮ ಸಹಿ ನೋಡಿದವಳು. ಆದರೆ ಇದನ್ನು ನನ್ನ ಪುಸ್ತಕದಲ್ಲಿ ಯಾಕೆ ಮೊದಲು ಹೇಳುದು? ಹೋಗಿ ದಿವಾಕರನಿಗೆ ಹೇಳಿ. ಮತ್ತೆ ಬರೆಯಿರಿ.”

ಹೋದೆ. ದಿವಾಕರ ಈಗ ಸಮರ್‌ಸೆಟ್ಟಿನಲ್ಲಿದ್ದಾನೆ. ಗ್ಯಾರೇಜಿನ ಮುಂದೆ ಮಗಳ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದ. ಪೂರ್ತಿ ಕೇಳಿದ. “ಸಿಟ್ಟಿಲ್ಲ ಅಂತ ಹೇಳಂಗಿಲ್ರಿ ಸರ್,” ಎಂದ. “ಎರಡು ವರ್ಷ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು. ಬರೀರಿ. ನನ್ನ ಹೆಸರು ಹಾಕಿನ ಬರೀರಿ.” ಮತ್ತೆ ಪಂಪಿನ ಕಡೆ ಬಗ್ಗಿದ. ನಾನು ಇನ್ನೇನು ಕಾರು ಹತ್ತುವಷ್ಟರಲ್ಲಿ, “ಆಂಟಿ ಫಂಕ್ಷನ್ ಯಾವಾಗ್ರಿ? ನಾವೂ ಬರ್ತೀವಿ” ಎಂದು ಕೂಗಿದ.

ಕಲಾ ಅವರೂ ಬರುತ್ತಿದ್ದಾರೆ. ಈ ಸಂಪುಟಕ್ಕಾಗಿ ಅವರನ್ನು ಮಾತನಾಡಿಸಿದಾಗ ಹೇಳಿದ್ದನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ದಾಖಲಿಸುತ್ತಿದ್ದೇನೆ: “ರಾಮ್ ಏನೇ ಅಂದಿರ್ಲಿ, ಅವತ್ತು ನಾವು ನಿಮಗೆ ವೋಟ್ ಹಾಕೋಕೇಂತ ಬಂದಿರ್ಲಿಲ್ಲ ಸರ್. ಯಾರಾದ್ರೂ ಅಡ್ರೆಸ್ ಕೇಳಿದ್ರೆ ಆ ಮನೆ ನಂಬರ್ ಇನ್ನೊಂದ್ಸಲ ಹೇಳ್ಬೇಕು ಅನಿಸ್ತು, ಅದಕ್ಕೆ ಬಂದ್ವಿ. ಆಂಟಿಗೆ ಅದು ಅರ್ಥ ಆಗಿತ್ತು. ಸಂಜೆ ಸಮರ್‌ಸೆಟ್‌ನಲ್ಲಿ ವೋಟ್ ಹಾಕಿ ಬರೋಷ್ಟರಲ್ಲಿ ಅಂಕಲ್ ನಮ್ಮ ಹೊಸ ಬಾಗಿಲ ಮುಂದೆ ಊಟದ ಕ್ಯಾರಿಯರ್ ಹಿಡ್ಕೊಂಡು ನಿಂತಿದ್ರು. ಆ ಅಪಾರ್ಟ್‌ಮೆಂಟ್‌ಗೆ ಬಂದ ಮೊದಲ ಗೆಸ್ಟ್ ಅವರು.” ಒಂದು ವರ್ಷ ಕಲಾ ಆಂಟಿಯೊಡನೆ ಮಾತಾಡಲಿಲ್ಲ, ಅಂಕಲ್ ತರುತ್ತಿದ್ದ ಕ್ಯಾರಿಯರನ್ನು ಮಾತ್ರ ಪ್ರತಿ ಸಲ ಏನಾದರೂ ತುಂಬಿಸಿಯೇ ಹಿಂದಿರುಗಿಸುತ್ತಿದ್ದರು.

ದೃಷ್ಟಿ ಮಸುಕಾಗುತ್ತಿದೆಯೆಂದು, ಸಹಿಗಳ ಗೆರೆಗಳು ಒಂದರೊಳಗೊಂದು ಕರಗಿದಂತೆ ಕಾಣುತ್ತವೆಂದು, ತಪ್ಪು ಮಾಡುವ ಮೊದಲೇ ಏಳಬೇಕೆಂದು ಬೇಬಿ ಆಂಟಿ ಈ ಜೂನಿಗೆ ಕೆಲಸ ಬಿಟ್ಟರು. ಬಿಟ್ಟರೆಂದು ಬರೆದೆನಾದರೂ ಅದು ಪೂರ್ತಿ ನಿಜವಲ್ಲ. ಶನಿವಾರಗಳಂದು ಲೈಬ್ರರಿಯ ನೆಲಮಾಳಿಗೆಯಲ್ಲಿ ಅವರು ಪೌರತ್ವದ ಪರೀಕ್ಷೆಗೆ ಹಿರಿಯರಿಗೆ ಪಾಠ ಹೇಳುತ್ತಾರೆ. ಅವರ ಶಿಷ್ಯೆ, ಎಪ್ಪತ್ತೊಂಬತ್ತರ ರುದ್ರಮ್ಮನವರು, ಇಂಗ್ಲಿಷ್ ಬಾರದಿದ್ದರೂ, ಹಿರಿಯರಿಗಿರುವ ವಿನಾಯಿತಿಯಂತೆ ನೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿ, ಮೊನ್ನೆ ಪ್ರಮಾಣವಚನ ಸ್ವೀಕರಿಸಿದರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅಕ್ಟೋಬರ್ ಹದಿನೆಂಟು ಕಡೆಯ ದಿನ. ಪ್ರಮಾಣವಚನದ ದಿನ ಮಧ್ಯಾಹ್ನವೇ ಇಬ್ಬರೂ ಟೌನ್‌ಹಾಲಿಗೆ ಹೋಗಿ, ಹೆಸರಿನ ಒಂದು ಅಕ್ಷರವೂ ತಪ್ಪದಂತೆ ನೋಡಿಕೊಂಡು ಬಂದಿದ್ದಾರೆ.

ಬೇಬಿ ಆಂಟಿಗೆ ಮೂಲ್ಕಿಯ ದೈವಗಳೂ ಈ ಗುಡ್ಡಗಳ ಗಾಳಿಯೂ ಆಯುಸ್ಸು, ಆರೋಗ್ಯ ಕೊಡಲಿ. ಮೋನಪ್ಪ ಅಂಕಲ್ಲರ ಚಹಾ ಅವರಿಗೂ ನಮಗೂ ಇನ್ನೂ ಬಹುಕಾಲ ಬಿಸಿಯಾಗಿ ಸಿಗಲಿ. ಆ ನೆಲಮಾಳಿಗೆಯಿಂದ ಇನ್ನೂ ಎಷ್ಟೋ ರುದ್ರಮ್ಮಂದಿರು ಮೆಟ್ಟಿಲೇರಿ ಬರಲಿ. ಎಂಟನೆಯ ತಾರೀಕು ಜನಸಂದಣಿಗೆ ಮುಂಚೆಯೇ ಬರುತ್ತೇವೆಂದು ಬೇಬಿ ಆಂಟಿಯೂ ರುದ್ರಮ್ಮನವರೂ ಹೇಳಿಕಳಿಸಿದ್ದಾರೆ. ಬರಲಿ. ಬೆಳಿಗ್ಗೆ ಆರಕ್ಕೆ ನಾವು ಬಾಗಿಲು ತೆರೆದಿರುತ್ತೇವೆ.